ಐಷಾರಾಮಿ ಎಸ್‌ಯುವಿಯ ರಸ್ತೆ ನಡೆ

ಎತ್ತರದ ಮೈಕಟ್ಟು, ನಾಲ್ಕೂ ಗಾಲಿಗಳಿಗೆ ಬಲ ಹಂಚುವ ವ್ಯವಸ್ಥೆ, ದುಬಾರಿ ಸೆಡಾನ್ ಕಾರಿನ ಒಳಾಂಗಣ ಇವೆಲ್ಲ ಒಂದರಲ್ಲೇ ಕೂಡಿದ ದೊಡ್ಡ ಪ್ರಯಾಣಿಕ ವಾಹನವೇ ಐಷಾರಾಮಿ ಎಸ್‌ಯುವಿ. ರೇಂಜ್ ರೋವರ್, ಮರ್ಸಿಡಿಸ್-ಬೆಂಜ್ ಜಿಎಲ್‌ಎಸ್, ಬಿಎಂಡಬ್ಲ್ಯು ಎಕ್ಸ್7, ಬೆಂಟ್ಲಿ ಬೆಂಟೇಗಾ, ರೋಲ್ಸ್-ರಾಯ್ಸ್ ಕಲಿನನ್, ಕ್ಯಾಡಿಲಾಕ್ ಎಸ್ಕಲೇಡ್, ಲೆಕ್ಸಸ್ ಎಲ್‌ಎಕ್ಸ್ ಈ ಬಳಗದ ಹೆಸರಾಂತ ಗಾಡಿಗಳು. ಜಾಹೀರಾತಿನಲ್ಲಿ ಇವು ಮರಳುಗಾಡು ದಾಟುತ್ತವೆ, ಹಿಮಬೆಟ್ಟ ಹತ್ತುತ್ತವೆ. ಆಯುಷ್ಯದ ಬಹುಪಾಲನ್ನು ಕಳೆಯುವುದು ಮಾತ್ರ ಡಾಂಬರು ರಸ್ತೆಯಲ್ಲಿ. ಇವುಗಳ ಯೋಗ್ಯತೆಯನ್ನು ಅಳೆಯಬೇಕಾದದ್ದೂ ಅಲ್ಲೇ. ಎರಡೂವರೆ ಟನ್ ತೂಕದ, ಆಳೆತ್ತರದ ವಾಹನವೊಂದು ವೇಗದಲ್ಲಿ, ತಿರುವಿನಲ್ಲಿ, ಗುಂಡಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಈ ಜಾತಿಗೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ರೇಂಜ್ ರೋವರ್. ಅರ್ಧ ಶತಮಾನದ ತಾಂತ್ರಿಕ ಬದಲಾವಣೆಗಳೆಲ್ಲ ಅದೊಂದೇ ಹೆಸರಿನಡಿ ಸಿಗುತ್ತವೆ. ಹಾಗಾಗಿ ಮುಖ್ಯ ಉದಾಹರಣೆಯಾಗಿ ಅದನ್ನೇ ಇಟ್ಟುಕೊಳ್ಳಲಾಗಿದೆ.

ಹುಟ್ಟು, ಬೆಳವಣಿಗೆ

ನಾಲ್ಕು ಗಾಲಿ ಚಾಲನೆಯ ಗಾಡಿಯಲ್ಲಿ ಆಟೊಮ್ಯಾಟಿಕ್ ಗೇರು, ಪವರ್ ಸ್ಟಿಯರಿಂಗ್‌ನಂಥ ಸೌಕರ್ಯಗಳನ್ನು ಕೊಡುವ ಯೋಚನೆ ಅಮೆರಿಕದ ಜೀಪ್ ವ್ಯಾಗೊನೀರ್‌ನಲ್ಲಿ 1960ರ ದಶಕದಲ್ಲೇ ಕಾಣಿಸಿಕೊಂಡಿತ್ತು. ಸವಾರಿಯ ಮಟ್ಟಿಗೆ ನಿಜವಾದ ತಿರುವು ಬಂದದ್ದು 1970ರ ಜೂನ್ 17ರಂದು, ಬ್ರಿಟನ್ನಿನಲ್ಲಿ ರೇಂಜ್ ರೋವರ್ ಬಿಡುಗಡೆಯಾದಾಗ. ಸ್ಪೆನ್ ಕಿಂಗ್ ಮತ್ತು ಗಾರ್ಡನ್ ಬ್ಯಾಶ್‌ಫರ್ಡ್ ಅದರ ಮುಖ್ಯ ಎಂಜಿನಿಯರುಗಳು; ರೂಪಕ್ಕೆ ಕೊನೆಯ ಮೆರುಗು ಕೊಟ್ಟವರು ಡೇವಿಡ್ ಬೇಶ್. ಆ ಕಾಲದ ಜೀಪುಗಳು ಲಾರಿಯಂತೆ ಲೀಫ್ ಸ್ಪ್ರಿಂಗ್ ಮೇಲೆ ಕುಳಿತಿದ್ದವು. ಕಿಂಗ್ ತಂಡ ಅದನ್ನು ಬಿಟ್ಟು, ಬಹಳ ಮೆತ್ತಗಿರುವ, ದೂರದವರೆಗೆ ಕುಗ್ಗಿ ಹಿಗ್ಗುವ ಕಾಯಿಲ್ ಸ್ಪ್ರಿಂಗುಗಳನ್ನು ಹಾಕಿತು. ನಾಲ್ಕೂ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಬಂತು. ಬ್ಯೂಕ್ ಕಂಪನಿಯ ವಿನ್ಯಾಸದಿಂದ ಬೆಳೆದು ಬಂದ 3.5 ಲೀಟರಿನ ಅಲ್ಯೂಮಿನಿಯಂ ವಿ8 ಎಂಜಿನ್ನಿನ ಬಲವನ್ನು ಸದಾಕಾಲ ಮುಂದಕ್ಕೂ ಹಿಂದಕ್ಕೂ ಹಂಚುವ ಏರ್ಪಾಡು ಮಾಡಲಾಯಿತು. ಒಂದೇ ಆಕ್ಸಲ್ ಮೇಲೆ ಪೂರ್ತಿ ಬಲ ಹೇರಬೇಕಿಲ್ಲದ ಕಾರಣ ಆಕ್ಸಲ್‌ಗಳನ್ನು ಹಗುರವಾಗಿ ಮಾಡಲು ಸಾಧ್ಯವಾಯಿತು.

ಐಷಾರಾಮ ಆಮೇಲಿನ ಮಾತು. ಮೊದಲ ರೇಂಜ್ ರೋವರ್‌ಗೆ ಇದ್ದದ್ದು ಎರಡೇ ಬಾಗಿಲು. ಒಳಗೆ ಪೈಪು ಹಿಡಿದು ನೀರು ಬಿಟ್ಟು ತೊಳೆಯಬಹುದಾದ ನೆಲ, ವಿನೈಲ್ ಸೀಟು. ನಾಲ್ಕು ಬಾಗಿಲು 1981ರಲ್ಲಿ, ಆಟೊಮ್ಯಾಟಿಕ್ ಗೇರು 1982ರಲ್ಲಿ, ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 1989ರಲ್ಲಿ, ಗಾಳಿ ಸಸ್ಪೆನ್ಷನ್ 1992ರಲ್ಲಿ ಬಂದವು. 1979ರಲ್ಲಿ ನಡೆದ ಮೊತ್ತಮೊದಲ ಪ್ಯಾರಿಸ್–ಡಕಾರ್ ರ್‍ಯಾಲಿಯ ಕಾರು ವಿಭಾಗದಲ್ಲಿ ಗೆದ್ದದ್ದೂ ರೇಂಜ್ ರೋವರ್.

ಮೂರನೆಯ ಪೀಳಿಗೆ ರೂಪುಗೊಂಡದ್ದು ಬಿಎಂಡಬ್ಲ್ಯು ಒಡೆತನದಲ್ಲಿ. 2001ರ ಕೊನೆಗೆ ಅದು ಹೊರಬರುವ ಹೊತ್ತಿಗೆ ಅದನ್ನು ತಯಾರಿಸುವ ಲ್ಯಾಂಡ್ ರೋವರ್ ಕಂಪನಿ ಫೋರ್ಡ್ ಕೈ ಸೇರಿತ್ತು. ಪ್ರತ್ಯೇಕ ಚಾಸಿ ಹೋಗಿ, ಮೈ ಮತ್ತು ಚೌಕಟ್ಟು ಒಂದೇ ಆದ ಮಾನೊಕಾಕ್ ರಚನೆ ಬಂತು. ನಾಲ್ಕೂ ಗಾಲಿಗಳು ಒಂದರ ಹಂಗಿಲ್ಲದೆ ಇನ್ನೊಂದು ಆಡುವಂತಾಯಿತು. 2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು ಫೋರ್ಡ್‌ನಿಂದ ಕೊಂಡಿತು. 2012ರ ನಾಲ್ಕನೆಯ ಪೀಳಿಗೆಯ ಮೈ ಪೂರ್ತಿ ಅಲ್ಯೂಮಿನಿಯಂನದು. ಕೆಲವು ಮಾದರಿಗಳಲ್ಲಿ ಒಟ್ಟು ತೂಕದಲ್ಲಿ 420 ಕಿಲೋವರೆಗೆ ಉಳಿತಾಯವಾಯಿತು. ಈಗಿನ ಐದನೆಯ ಪೀಳಿಗೆ 2021ರ ಅಕ್ಟೋಬರ್‌ನಲ್ಲಿ ಅನಾವರಣಗೊಂಡಿತು. 1970ರ ಗಾಡಿ ಸುಮಾರು 1.7 ಟನ್ ತೂಗುತ್ತಿತ್ತು, ನಾಲ್ಕೂವರೆ ಮೀಟರಿಗೂ ತುಸು ಕಡಿಮೆ ಉದ್ದವಿತ್ತು. ಇಂದಿನದು ಸುಮಾರು 2.5 ಟನ್, ಉದ್ದ 5 ಮೀಟರಿಗೂ ಹೆಚ್ಚು. ಹಗುರಗೊಳಿಸಲು ಪಟ್ಟ ಪಾಡಿನಿಂದ ಉಳಿದದ್ದನ್ನೆಲ್ಲ ಮೋಟಾರುಗಳು, ಗಾಜು, ಚರ್ಮ ಮತ್ತು ಬ್ಯಾಟರಿಗಳು ಮರಳಿ ನುಂಗಿಹಾಕಿವೆ.

ತೂಕ ಮತ್ತು ಎತ್ತರ

ಈ ವಾಹನಗಳ ಗುಣದೋಷಗಳೆಲ್ಲ ಹೊರಡುವುದು ತೂಕ ಮತ್ತು ಎತ್ತರ ಎಂಬ ಎರಡು ಮೂಲಗಳಿಂದ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಒಂದು ಟನ್ನಿನ ಸಣ್ಣ ಕಾರಿನ ಚಲನ ಶಕ್ತಿ ಸುಮಾರು 3.9 ಲಕ್ಷ ಜೂಲ್. ಎರಡೂವರೆ ಟನ್ನಿನ ಗಾಡಿಯದು 9.6 ಲಕ್ಷ ಜೂಲ್. ನಿಲ್ಲಿಸಬೇಕಾದಾಗ ಅಷ್ಟನ್ನೂ ಶಾಖವಾಗಿ ಹೊರಹಾಕಬೇಕಾದದ್ದು ಬ್ರೇಕು. ವೇಗ 120ಕ್ಕೆ ಏರಿದರೆ ಈ ಮೊತ್ತ ಶೇ. 44ರಷ್ಟು ಹೆಚ್ಚುತ್ತದೆ.

ಎತ್ತರದ ಲೆಕ್ಕ ಇನ್ನೊಂದು ಬಗೆಯದು. ತಿರುವಿನಲ್ಲಿ ಒಳಗಾಲಿಗಳ ಮೇಲಿನ ಭಾರ ಹೊರಗಾಲಿಗಳಿಗೆ ಜಾರುತ್ತದೆ. ಎಷ್ಟು ಜಾರಬೇಕೆಂಬುದನ್ನು ನಿರ್ಧರಿಸುವುದು ಗುರುತ್ವಕೇಂದ್ರದ ಎತ್ತರ ಮತ್ತು ಎಡಬಲ ಗಾಲಿಗಳ ನಡುವಣ ಅಗಲ. ಈ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿ ಬರುವ ಅಂಕಿಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಮಗುಚುವ ಅಪಾಯದ ಅಳತೆಗೋಲಾಗಿ ಬಳಸುತ್ತದೆ. ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5, ಎತ್ತರದ ಎಸ್‌ಯುವಿ, ಪಿಕಪ್ ಮತ್ತು ವ್ಯಾನುಗಳಿಗೆ 1.0ರಿಂದ 1.3. ಅಂಕಿ ಇಳಿದಷ್ಟೂ ಮಗುಚುವ ಸಾಧ್ಯತೆ ಹೆಚ್ಚು. ಗಾಡಿ ಜಾರತೊಡಗಿದಾಗ ತಕ್ಕ ಗಾಲಿಗೆ ಮಾತ್ರ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ಇಎಸ್‌ಪಿ ವ್ಯವಸ್ಥೆ, ಬಾಷ್ ಮತ್ತು ಮರ್ಸಿಡಿಸ್ ಕಂಪನಿಗಳ ಜಂಟಿ ಕೆಲಸವಾಗಿ 1995ರಲ್ಲಿ ಮೊದಲು ಬಂದದ್ದು ಕಾರಿಗೆ. ಅದರ ಅಗತ್ಯ ಕಾರಿಗಿಂತ ಹೆಚ್ಚಾಗಿದ್ದದ್ದು ಎಸ್‌ಯುವಿಗೆ. ಈ ಸೌಲಭ್ಯವಿಲ್ಲದ ಹಳೆಯ ದೊಡ್ಡ ಗಾಡಿಯನ್ನು ಕೊಳ್ಳುವವರು, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಎರಡು ಸಲ ಯೋಚಿಸುವುದು ಒಳ್ಳೆಯದು.

ಗಾಳಿಯ ಮೇಲಿನ ಸವಾರಿ

ಕಾಯಿಲ್ ಸ್ಪ್ರಿಂಗಿನ ಗಡಸುತನ ಬದಲಾಗದು. ಚಾಲಕನೊಬ್ಬನೇ ಇದ್ದಾಗ ಹದವಾಗಿರುವ ಸ್ಪ್ರಿಂಗು, ಏಳು ಜನ ಮತ್ತು ಲಗೇಜು ತುಂಬಿದಾಗ ಕುಸಿಯುತ್ತದೆ, ಗಾಡಿ ನಿಧಾನವಾಗಿ ತೊನೆಯತೊಡಗುತ್ತದೆ. ರಬ್ಬರ್ ಚೀಲದಲ್ಲಿ ಒತ್ತಿಟ್ಟ ಗಾಳಿಯೇ ಸ್ಪ್ರಿಂಗಾದರೆ ಈ ತೊಂದರೆ ಇಲ್ಲ. ಭಾರ ಹೆಚ್ಚಾದಾಗ ಕಂಪ್ರೆಸರ್ ಇನ್ನಷ್ಟು ಗಾಳಿ ತುಂಬಿ ಮೊದಲಿನ ಎತ್ತರಕ್ಕೆ ತರುತ್ತದೆ. ಒತ್ತಡ ಏರಿದಂತೆ ಗಡಸುತನವೂ ಅದೇ ಪ್ರಮಾಣದಲ್ಲಿ ಏರುವುದರಿಂದ ಒಬ್ಬರಿರಲಿ, ಏಳು ಜನರಿರಲಿ, ತೊನೆತದ ಲಯ ಹೆಚ್ಚುಕಡಿಮೆ ಒಂದೇ. ದೊಡ್ಡ ಐಷಾರಾಮಿ ಎಸ್‌ಯುವಿಗಳಲ್ಲಿ ಹೆಚ್ಚಿನವು ಗಾಳಿ ಸಸ್ಪೆನ್ಷನ್ ಹಿಡಿಯಲು ಇದೇ ಕಾರಣ. ಹೆದ್ದಾರಿಯಲ್ಲಿ ತಾನೇ ಕೆಳಗಿಳಿದು ಗಾಳಿಯ ಎದುರೊತ್ತು ತಗ್ಗಿಸುವುದು, ಹತ್ತಿ ಇಳಿಯುವವರಿಗಾಗಿ ಬಾಗುವುದು, ಕೆಟ್ಟ ದಾರಿಯಲ್ಲಿ ಮೇಲೇಳುವುದು ಇದರಿಂದ ದಕ್ಕಿದ ಹೆಚ್ಚುವರಿ ಲಾಭ.

ಸ್ಪ್ರಿಂಗಿನ ಕುಣಿತವನ್ನು ತಡೆಯುವ ಡ್ಯಾಂಪರ್, ನಮ್ಮ ಗ್ಯಾರೇಜಿನ ಮಾತಿನಲ್ಲಿ ಶಾಕ್ ಅಬ್ಸಾರ್ಬರ್, ಈಗ ವಿದ್ಯುತ್ ಕವಾಟಗಳಿಂದ ಕ್ಷಣಕ್ಷಣಕ್ಕೂ ಗಡಸಾಗಿ ಮೆತ್ತಗಾಗಿ ಬದಲಾಗುತ್ತದೆ. ಎಸ್ಕಲೇಡ್‌ನದು ಬೇರೆ ದಾರಿ: ಅದರ ಡ್ಯಾಂಪರ್‌ನ ಎಣ್ಣೆಯಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳಿದ್ದು, ಕಾಂತಕ್ಷೇತ್ರ ಹರಿಸಿದೊಡನೆ ದ್ರವ ಮಂದವಾಗುತ್ತದೆ. ಕಲಿನನ್‌ನಲ್ಲಿ ಕ್ಯಾಮೆರಾ ಮುಂದಿನ ರಸ್ತೆಯನ್ನು ನೋಡಿ ಸಸ್ಪೆನ್ಷನ್ನಿಗೆ ಮುನ್ಸೂಚನೆ ಕೊಡುತ್ತದೆ. ರೇಂಜ್ ರೋವರ್ ಆ ಕೆಲಸಕ್ಕೆ ನಕ್ಷೆಯ ಮಾಹಿತಿಯನ್ನು ಬಳಸಿಕೊಳ್ಳುತ್ತದೆ.

ವಾಲಾಟದ ಸಮಸ್ಯೆ

ಮೊದಲ ಪೀಳಿಗೆಯ ರೇಂಜ್ ರೋವರ್ ತಿರುವಿನಲ್ಲಿ ಹುಲ್ಲು ಹೇರಿದ ಗಾಡಿಯಂತೆ ವಾಲುತ್ತಿತ್ತು. ಮೆತ್ತನೆಯ ಉದ್ದ ಸ್ಪ್ರಿಂಗು, ಎತ್ತರದ ಮೈ, ಮೊದಮೊದಲು ವಾಲುವುದನ್ನು ತಡೆಯುವ ಕಂಬಿಯೂ ಇಲ್ಲ. ಎಡ ಬಲ ಗಾಲಿಗಳನ್ನು ಜೋಡಿಸುವ ಉಕ್ಕಿನ ಕಂಬಿ, ಅಂದರೆ ಆ್ಯಂಟಿರೋಲ್ ಬಾರ್, ಹಾಕಿದರೆ ವಾಲಾಟ ಕಡಿಮೆಯಾಗುತ್ತದೆ. ಹಾಗಿದ್ದರೆ ದಪ್ಪ ಕಂಬಿ ಹಾಕಿಬಿಡಬಹುದಲ್ಲ ಎಂದರೆ, ತೊಂದರೆ ಅಲ್ಲೇ ಶುರು. ನೇರ ದಾರಿಯಲ್ಲಿ ಎಡಗಾಲಿ ಮಾತ್ರ ಗುಂಡಿಗೆ ಇಳಿದರೂ ಕಂಬಿ ಬಲಬದಿಯನ್ನೂ ಎಳೆಯುತ್ತದೆ. ಇಡೀ ಮೈ ಪಕ್ಕಕ್ಕೆ ಜಗ್ಗುತ್ತದೆ. ಎತ್ತರದಲ್ಲಿ ಕುಳಿತವರ ತಲೆ ಎಡಕ್ಕೂ ಬಲಕ್ಕೂ ಬಡಿದಾಡುತ್ತದೆ. ತಗ್ಗಿನ ಸೆಡಾನಿನಲ್ಲಿ ಗಮನಕ್ಕೇ ಬಾರದ ಈ ಅಲುಗಾಟ ಎಸ್‌ಯುವಿಯ ಹಿಂದಿನ ಸೀಟಿನಲ್ಲಿ ವಾಂತಿ ತರಿಸುವಷ್ಟು ದೊಡ್ಡದಾಗಬಲ್ಲದು. ಗಾಡಿ ಘಾಟಿಯಲ್ಲಿ ನೆಟ್ಟಗಿರಬೇಕು, ಮುರುಕು ರಸ್ತೆಯಲ್ಲಿ ಮೆತ್ತಗಿರಬೇಕು ಎಂಬ ಎರಡು ಬೇಡಿಕೆಗಳು ಹಲವು ದಶಕಗಳ ಕಾಲ ಒಂದಕ್ಕೊಂದು ಅಡ್ಡ ನಿಂತಿದ್ದವು.

ಬಿಡುಗಡೆಯ ದಾರಿ ತೋರಿದ್ದು ಕಂಬಿಯನ್ನು ನಡುವೆ ತುಂಡರಿಸಿ ಮೋಟಾರು ಕೂಡಿಸುವ ಉಪಾಯ. ನೇರ ದಾರಿಯಲ್ಲಿ ಮೋಟಾರು ಕಂಬಿಯ ಎರಡು ತುಂಡುಗಳನ್ನು ಸಡಿಲ ಬಿಡುತ್ತದೆ, ಪ್ರತಿ ಗಾಲಿಯೂ ಸ್ವತಂತ್ರ. ತಿರುವು ಬಂದೊಡನೆ ಕಂಬಿಯನ್ನು ತಿರುಚಿ ಮೈಯನ್ನು ಎತ್ತಿ ಹಿಡಿಯುತ್ತದೆ. ಮೊದಲು ಈ ಕೆಲಸ ಎಣ್ಣೆಯ ಒತ್ತಡದಿಂದ ನಡೆಯುತ್ತಿತ್ತು. ವಿದ್ಯುತ್ ಮೋಟಾರಿನಿಂದ ಮಾಡಿಸಲು 12 ವೋಲ್ಟಿನ ಬ್ಯಾಟರಿ ಸಾಲದು. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಕಿಲೋವಾಟ್ ಬೇಕು. ಅದಕ್ಕಾಗಿ 48 ವೋಲ್ಟಿನ ಪ್ರತ್ಯೇಕ ವ್ಯವಸ್ಥೆ ಬಂತು. 2015ರ ಬೆಂಟ್ಲಿ ಬೆಂಟೇಗಾ, 2016ರ ಆಡಿ ಎಸ್‌ಕ್ಯು7 ಇದರಲ್ಲಿ ಮುಂಚೂಣಿಯವು. ಈಗಿನ ರೇಂಜ್ ರೋವರ್‌ನ ವ್ಯವಸ್ಥೆ 1,400 ನ್ಯೂಟನ್-ಮೀಟರ್‌ವರೆಗೆ ತಿರುಚು ಬಲ ಹಾಕಬಲ್ಲದು. ಮರ್ಸಿಡಿಸ್ ಇನ್ನೂ ಮುಂದೆ ಹೋಗಿ, 2019ರ ಜಿಎಲ್‌ಇ ಮತ್ತು ಜಿಎಲ್‌ಎಸ್‌ಗಳಲ್ಲಿ ಪ್ರತಿ ಗಾಲಿಯನ್ನೂ ಬೇರೆಬೇರೆಯಾಗಿ ಎತ್ತಿ ಇಳಿಸುವ ಸಕ್ರಿಯ ಸಸ್ಪೆನ್ಷನ್ ತಂದಿತು. ತಿರುವಿನಲ್ಲಿ ಬೈಕ್ ಸವಾರರ ಹಾಗೆ ಗಾಡಿ ಒಳಮುಖವಾಗಿ ವಾಲುತ್ತದೆ. ಐಷಾರಾಮಿ ಎಸ್‌ಯುವಿಯ ಐವತ್ತು ವರ್ಷಗಳಲ್ಲಿ ಸವಾರಿಯ ಸುಖಕ್ಕೆ ಸಿಕ್ಕ ಅತಿ ದೊಡ್ಡ ಕೊಡುಗೆ ಯಾವುದೆಂದರೆ ಈ ಮೋಟಾರು ಕೂಡಿದ ಕಂಬಿಯನ್ನೇ ಹೆಸರಿಸಬೇಕು. ಪರದೆ, ಮಸಾಜು ಸೀಟುಗಳೆಲ್ಲ ಆಮೇಲಿನವು.

ತಿರುಗುವುದು

ಐದನೆಯ ಪೀಳಿಗೆಯ ರೇಂಜ್ ರೋವರ್‌ನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರ ಸುಮಾರು 3 ಮೀಟರ್. ಇಷ್ಟುದ್ದದ ಗಾಡಿ ಸಹಜವಾಗಿ ದೊಡ್ಡ ಸುತ್ತು ತೆಗೆದುಕೊಳ್ಳಬೇಕು. ಇದರ ಹಿಂದಿನ ಗಾಲಿಗಳೂ 7.3 ಡಿಗ್ರಿವರೆಗೆ ತಿರುಗುತ್ತವೆ. ನಿಧಾನ ವೇಗದಲ್ಲಿ ಮುಂದಿನವಕ್ಕೆ ವಿರುದ್ಧವಾಗಿ ತಿರುಗುವುದರಿಂದ ತಿರುಗುವ ವೃತ್ತದ ವ್ಯಾಸ 11 ಮೀಟರಿನೊಳಗೆ ನಿಲ್ಲುತ್ತದೆ. ಮಾರುತಿ ಸ್ವಿಫ್ಟ್‌ನದು 9.6 ಮೀಟರ್ ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ವೇಗದಲ್ಲಿ ಮುಂದಿನ ಗಾಲಿಗಳ ದಿಕ್ಕಿಗೇ ತಿರುಗುವುದರಿಂದ ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ಹಿಂಭಾಗ ಬೀಸುವುದಿಲ್ಲ.

ಸ್ಟಿಯರಿಂಗ್ ಹಗುರ, ನಿಖರ. ರಸ್ತೆಯ ಸುದ್ದಿ ಮಾತ್ರ ಕೈಗೆ ತಲುಪುವುದಿಲ್ಲ. ಟೈರಿನ ಹಿಡಿತ ತಪ್ಪುವ ಸೂಚನೆ ಬೆರಳಿಗೆ ಸಿಗುವ ಮುಂಚೆ ಡ್ಯಾಶ್‌ಬೋರ್ಡಿನ ದೀಪ ಮಿನುಗುತ್ತದೆ. ಈ ವರ್ಗದಲ್ಲಿ ಚಾಲಕನ ಕೈಗೆ ಸ್ವಲ್ಪವಾದರೂ ಮಾತು ದಾಟಿಸುವುದು 2002ರಿಂದ ಬರುತ್ತಿರುವ ಪೋರ್ಶೆ ಕಾಯೆನ್. ಅದು ಉಳಿದವುಗಳಿಗಿಂತ ತಗ್ಗು, ಚಿಕ್ಕದು ಎಂಬುದೂ ಅಷ್ಟೇ ನಿಜ.

ಎಂಜಿನ್ ಮತ್ತು ವೇಗ

1970ರ ರೇಂಜ್ ರೋವರ್‌ನ 135 ಅಶ್ವಶಕ್ತಿಯ ಜಾಗದಲ್ಲಿ ಇಂದು 4.4 ಲೀಟರಿನ ವಿ8 ಎಂಜಿನ್ 530 ಅಶ್ವಶಕ್ತಿ, 750 ನ್ಯೂಟನ್-ಮೀಟರ್ ಕೊಡುತ್ತದೆ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 4.6 ಸೆಕೆಂಡು ಸಾಕು. ಬೆಂಟೇಗಾದ 635 ಅಶ್ವಶಕ್ತಿಯ ಸ್ಪೀಡ್ ಮಾದರಿ ಗಂಟೆಗೆ 306 ಕಿ.ಮೀ. ಮುಟ್ಟುತ್ತಿತ್ತು. ಕೇಳಲು ಚೆನ್ನ; ಬಳಕೆಗೆ ಹೊಂದುವುದು ಮಾತ್ರ ಕಡಿಮೆ ಸುತ್ತಿನಲ್ಲೇ ಬಲ ತುಂಬುವ, ಸದ್ದಿಲ್ಲದೆ ಎಳೆಯುವ ಆರು ಸಿಲಿಂಡರಿನ 3 ಲೀಟರ್ ಡೀಸೆಲ್.

ವೇಗ ಏರಿದಂತೆ ಎಂಜಿನ್ನಿಗೆ ದೊಡ್ಡ ಎದುರಾಳಿ ಗಾಳಿ. ರೇಂಜ್ ರೋವರ್‌ನ ಗಾಳಿ ಎಳೆತದ ಗುಣಾಂಕ 0.30ಕ್ಕೆ ಇಳಿದಿದೆ, ಇಂಥ ಚೌಕಾಕಾರದ ಗಾಡಿಗೆ ಇದು ಅಚ್ಚರಿಯ ಅಂಕಿ. ಆದರೂ ಎದುರು ನಿಲ್ಲುವ ಮೈಯ ವಿಸ್ತೀರ್ಣ ದೊಡ್ಡದು. ಅದನ್ನು 3 ಚದರ ಮೀಟರ್ ಎಂದಿಟ್ಟುಕೊಂಡರೆ, 100 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳಲೆಂದೇ ಸುಮಾರು 12 ಕಿಲೋವಾಟ್ ಬೇಕು. 160ರಲ್ಲಿ ಅದರ ನಾಲ್ಕರಷ್ಟು. ಒಳಗಿರುವವರಿಗೆ ಇದರ ಸುಳಿವು ಹತ್ತುವುದಿಲ್ಲ. ಪದರ ಗಾಜು ಸದ್ದನ್ನು ತಡೆಯುತ್ತದೆ, ಸ್ಪೀಕರುಗಳು ವಿರುದ್ಧ ಅಲೆ ಹೊರಡಿಸಿ ಉಳಿದ ಗುಂಯ್‌ಗುಡುವಿಕೆಯನ್ನು ಅಳಿಸುತ್ತವೆ. ಕಣ್ಣು ನೆಲದಿಂದ ಎತ್ತರದಲ್ಲಿದ್ದಷ್ಟೂ ರಸ್ತೆ ನಿಧಾನವಾಗಿ ಸರಿಯುವಂತೆ ತೋರುತ್ತದೆ. ಎತ್ತರದ ಸೀಟಿನಲ್ಲಿ 80 ಎಂದು ಭಾವಿಸಿಕೊಂಡು 110ರಲ್ಲಿ ಹೋಗುವುದು ಕಷ್ಟವೇನಲ್ಲ. ಮಿತಿ 100 ಇರುವ ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳಿಗೆ ಈ ನೆಪ ಒಪ್ಪಿಗೆಯಾಗದು.

ಬ್ರೇಕು ಮತ್ತು ಟೈರು

ತುರ್ತು ಬ್ರೇಕಿನಲ್ಲಿ ಇವು ಚೆನ್ನಾಗಿಯೇ ನಿಲ್ಲುತ್ತವೆ. ದೊಡ್ಡ ಡಿಸ್ಕು, ಅಗಲ ಟೈರು ಒಂದು ಸಲದ ಕೆಲಸಕ್ಕೆ ಧಾರಾಳ ಸಾಕು. ಪರೀಕ್ಷೆ ಇರುವುದು ಇಳಿಜಾರಿನಲ್ಲಿ. ಜನ, ಲಗೇಜು ಸೇರಿ 3 ಟನ್ ತೂಗುವ ಗಾಡಿ ಆಗುಂಬೆಯಂಥ ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 147 ಲಕ್ಷ ಜೂಲ್. ಅದೇ ಗಾಡಿಯನ್ನು 100 ಕಿ.ಮೀ. ವೇಗದಿಂದ ಹನ್ನೆರಡು-ಹದಿಮೂರು ಬಾರಿ ನಿಲ್ಲಿಸಿದಷ್ಟು ಶಾಖ ಅದು. ಪೂರ್ತಿ ಬ್ರೇಕಿನ ಮೇಲೇ ಹೇರಿದರೆ ಪ್ಯಾಡು ಕಾದು ಹಿಡಿತ ಸಡಿಲವಾಗುತ್ತದೆ. ಎಂಟು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆಯಿದ್ದರೂ, ಇಳಿಯುವಾಗ ಕೈಯಾರೆ ಕೆಳಗಿನ ಗೇರಿಗೆ ಹಾಕಿ ಎಂಜಿನ್ನಿನಿಂದ ತಡೆಯುವ ಲಾರಿ ಚಾಲಕರ ಹಳೆಯ ಪದ್ಧತಿ ಇಲ್ಲಿಗೂ ಸಲ್ಲುತ್ತದೆ.

ಟೈರಿನ ವಿಷಯದಲ್ಲಿ ತಯಾರಕರು ತಾವೇ ಕಟ್ಟಿದ್ದನ್ನು ತಾವೇ ಕೆಡವುತ್ತಾರೆ. ಲಕ್ಷಾಂತರ ರೂಪಾಯಿಯ ಗಾಳಿ ಸಸ್ಪೆನ್ಷನ್ ಕೂರಿಸಿ, ಅದರಡಿ 23 ಇಂಚಿನ ಗಾಲಿಗೆ ತೆಳ್ಳನೆಯ ಟೈರು ಸುತ್ತುತ್ತಾರೆ. ಗಾಲಿ ದೊಡ್ಡದಾದಷ್ಟೂ ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚು, ಆಘಾತ ನುಂಗುವ ರಬ್ಬರಿನ ಗೋಡೆ ಗಿಡ್ಡ. ಚೂಪು ಅಂಚಿನ ಗುಂಡಿಗೆ ಬಿದ್ದರೆ ಟೈರಿನ ಪಕ್ಕ ಒಡೆಯುತ್ತದೆ, ರಿಮ್ ಬಾಗುತ್ತದೆ. ಒಂದೆರಡು ಇಂಚು ಚಿಕ್ಕ ಗಾಲಿ ಆರಿಸಿಕೊಂಡವರಿಗೆ ಅದೇ ಗಾಡಿ ಹೆಚ್ಚು ಸುಖ ಕೊಡುತ್ತದೆ.

ಭಾರತದ ರಸ್ತೆಗಳಲ್ಲಿ

2024ರಲ್ಲಿ ರೇಂಜ್ ರೋವರ್‌ನ ಬಿಡಿಭಾಗಗಳ ಜೋಡಣೆ ಪುಣೆಯಲ್ಲಿ ಶುರುವಾಗಿ ಬೆಲೆ ಇಳಿಯಿತು. ಬೆಂಗಳೂರಿನಂಥ ಊರುಗಳಲ್ಲಿ ಈ ಗಾಡಿ ಕಣ್ಣಿಗೆ ಬೀಳುವುದು ಹೆಚ್ಚಾಯಿತು. ನಮ್ಮ ರಸ್ತೆಯ ಮೊದಲ ಪ್ರಶ್ನೆ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ನುಣುಪಾದ ದಿಬ್ಬ. ಊರೂರಲ್ಲಿ ಜನರೇ ಹಾಕಿಸಿಕೊಳ್ಳುವ ಹಂಪು ಅದರ ಕಾಲುಭಾಗದಷ್ಟೂ ಅಗಲವಿರದ ಕಡಿದಾದ ಗೋಡೆ. ಉದ್ದ ಗಾಡಿಯ ಹೊಟ್ಟೆ ತಾಗುವುದು ಇಂಥಲ್ಲಿ. ಗಾಳಿ ಸಸ್ಪೆನ್ಷನ್ನಿನಲ್ಲಿ ಮೈಯನ್ನು ಸುಮಾರು 75 ಮಿ.ಮೀ. ಮೇಲೆತ್ತಿಕೊಂಡು ದಾಟಬಹುದು, ಸೆಡಾನಿಗೆ ಆ ಭಾಗ್ಯವಿಲ್ಲ.

ಅಗಲ ಎರಡನೆಯ ಪ್ರಶ್ನೆ. ಕನ್ನಡಿ ಬಿಚ್ಚಿದಾಗ ರೇಂಜ್ ರೋವರ್ ಸುಮಾರು 2.2 ಮೀಟರ್ ಅಗಲ. ಒಂದೇ ಲೇನಿನ ಹಳ್ಳಿ ರಸ್ತೆಯ ಡಾಂಬರು 3.75 ಮೀಟರ್. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಒಬ್ಬರು ಮಣ್ಣಿಗೆ ಇಳಿಯಲೇಬೇಕು, ಇಳಿಯುವವರು ಸಾಮಾನ್ಯವಾಗಿ ಟ್ರ್ಯಾಕ್ಟರಿನವರಲ್ಲ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲಿ ಹಿಂದಿನ ಗಾಲಿಯ ಸ್ಟಿಯರಿಂಗ್ ನೆರವಿಗೆ ಬಂದರೂ ಅಗಲ ಕುಗ್ಗುವುದಿಲ್ಲ.

ರೇಂಜ್ ರೋವರ್ 900 ಮಿ.ಮೀ. ಆಳದ ನೀರು ದಾಟಬಲ್ಲದು ಎಂಬ ಅಂಕಿಯನ್ನು ಮಳೆಗಾಲದಲ್ಲಿ ಎಚ್ಚರಿಕೆಯಿಂದ ಓದಬೇಕು. ಅದು ಗಟ್ಟಿ ತಳದ, ನಿಂತ ನೀರಿಗೆ, ನಿಧಾನ ವೇಗಕ್ಕೆ ಸಲ್ಲುವ ಮಾತು. ಹರಿಯುವ ಹಳ್ಳ ಅದಕ್ಕಿಂತ ಕಡಿಮೆ ಆಳದಲ್ಲೇ ಗಾಡಿಯನ್ನು ತೇಲಿಸಿ ಪಕ್ಕಕ್ಕೆ ತಳ್ಳಬಲ್ಲದು. ಅಂಡರ್‌ಪಾಸಿನಲ್ಲಿ ನಿಂತ ನೀರಿನ ಆಳವಂತೂ ಚಾಲಕನ ಸೀಟಿಗೆ ಕಾಣುವುದೇ ಇಲ್ಲ.

ಹೊರಗಿರುವವರ ಪಾಲು

ಒಳಗಿರುವವರನ್ನು ಕಾಪಾಡುವ ತೂಕವೇ ಹೊರಗಿರುವವರಿಗೆ ಅಪಾಯ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಎತ್ತರ 40 ಇಂಚು ಮೀರಿದ ವಾಹನ ಪಾದಚಾರಿಗೆ ಗುದ್ದಿದರೆ, ತಗ್ಗಿನ ಇಳಿಜಾರು ಬಾನೆಟ್ಟಿನ ಕಾರಿಗಿಂತ ಸಾವಿನ ಸಂಭವ ಸುಮಾರು ಶೇ. 45ರಷ್ಟು ಹೆಚ್ಚು. ತಗ್ಗು ಕಾರು ಕಾಲಿಗೆ ತಾಗಿ ಮನುಷ್ಯನನ್ನು ಬಾನೆಟ್ಟಿನ ಮೇಲೆ ಬೀಳಿಸುತ್ತದೆ. ಎತ್ತರದ ಮುಖ ಎದೆಗೆ, ತಲೆಗೆ ನೇರ ಹೊಡೆಯುತ್ತದೆ. ಬಾನೆಟ್ಟಿನ ಮುಂದೆಯೇ ನಿಂತ ಮಗು ಚಾಲಕನಿಗೆ ಕಾಣದು. ಕ್ಯಾಮೆರಾಗಳು ಇದನ್ನು ತಕ್ಕಮಟ್ಟಿಗೆ ಸರಿಪಡಿಸಿವೆ, ಚಾಲಕ ಪರದೆ ನೋಡಿದರೆ. ಪೇಟೆಯೊಳಗೆ ಇಂಥ ಗಾಡಿ ಓಡಿಸುವವರನ್ನು ರೇಂಜ್ ರೋವರ್‌ನ ಜನಕ ಸ್ಪೆನ್ ಕಿಂಗ್ ಅವರೇ ತಮ್ಮ ಇಳಿವಯಸ್ಸಿನಲ್ಲಿ ಕಟುವಾಗಿ ಟೀಕಿಸಿದ್ದರು.

ವಿದ್ಯುತ್ ಯುಗ

ಬ್ಯಾಟರಿ ಬಂದದ್ದರಿಂದ ಹಳೆಯ ಲೆಕ್ಕ ಅರ್ಧ ಬದಲಾಗಿದೆ. ನೆಲದಡಿ ಹಾಸಿದ ಬ್ಯಾಟರಿ ಗುರುತ್ವಕೇಂದ್ರವನ್ನು ಕೆಳಗಿಳಿಸುತ್ತದೆ, ಮಗುಚುವ ಭಯ ತಗ್ಗುತ್ತದೆ. ಘಾಟಿ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಶಾಖವಾಗಬೇಕಿದ್ದ ಶಕ್ತಿಯ ದೊಡ್ಡ ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ನಾಲ್ಕು ಗಾಲಿಗೆ ನಾಲ್ಕು ಮೋಟಾರಿರುವ ಮರ್ಸಿಡಿಸ್ ಜಿ 580 ಮಣ್ಣಿನ ನೆಲದಲ್ಲಿ ನಿಂತ ಜಾಗದಲ್ಲೇ ಸುತ್ತಬಲ್ಲದು. ಆದರೆ ಅದರ ತೂಕ 3 ಟನ್ ಮೀರಿದೆ. ಎಸ್ಕಲೇಡ್‌ನ ವಿದ್ಯುತ್ ರೂಪ 4 ಟನ್ ದಾಟಿದೆ. ಟೈರು ಸವೆಯುವುದು, ರಸ್ತೆ ಸವೆಯುವುದು, ಗುದ್ದಿದಾಗಿನ ಹೊಡೆತ ಯಾವುದೂ ಇದರಿಂದ ಕಡಿಮೆಯಾಗಿಲ್ಲ.

ಕೆಲವು ಸರ್ಕಾರಗಳು ತೂಕವನ್ನೇ ತೆರಿಗೆಯ ಅಳತೆ ಮಾಡಿಕೊಂಡಿವೆ. ಹೊಸ ವಾಹನಗಳ ನೋಂದಣಿಗೆ ಫ್ರಾನ್ಸ್ 2022ರಿಂದ ತೂಕದ ದಂಡ ವಿಧಿಸುತ್ತಿದ್ದು, ಆರಂಭದಲ್ಲಿ 1,800 ಕಿಲೋ ಇದ್ದ ಮಿತಿಯನ್ನು 2024ರಲ್ಲಿ 1,600ಕ್ಕೆ ಇಳಿಸಿತು. ಪ್ಯಾರಿಸ್ ನಗರದ ಮಧ್ಯಭಾಗದಲ್ಲಿ 1.6 ಟನ್ ಮೀರಿದ ಪೆಟ್ರೋಲ್, ಡೀಸೆಲ್ ಮತ್ತು ಹೈಬ್ರಿಡ್ ಗಾಡಿಗಳಿಗೂ 2 ಟನ್ ಮೀರಿದ ವಿದ್ಯುತ್ ಗಾಡಿಗಳಿಗೂ, ಹೊರಗಿನಿಂದ ಬರುವವರ ಮಟ್ಟಿಗೆ, 2024ರ ಅಕ್ಟೋಬರ್ 1ರಿಂದ ಪಾರ್ಕಿಂಗ್ ಶುಲ್ಕ ಗಂಟೆಗೆ 18 ಯೂರೊ.